ದೋಣಿಗೆ ಎತ್ತಿದ ಕೈ

ಇಲ್ಲ, ತಪ್ಪು ತನ್ನದೇ ಇರಬೇಕು ಎಂದುಕೊಂಡ. ಊರು ಬಿಟ್ಟು ಎಷ್ಟೋ ವರ್ಷ ಹಡಗಿನ ಮೇಲೆ ಅಲೆದವನು, ವಾಪಸು ಬಂದು ಇನ್ನೂ ಸರಿಯಾಗಿ ಬೇರು ಬಿಟ್ಟಿಲ್ಲ, ಬೆಳಗಿನ ಬಿಸಿಲು ಬೇರೆ ನೇರ ಕಣ್ಣಿಗೇ ಹೊಡೆಯುತ್ತಿದೆ. ಇಂಥವನ ಕಣ್ಣನ್ನು ಯಾರು ನಂಬುತ್ತಾರೆ? ಬಾಲ್ಕನಿಯ ಕಂಬಿಗೆ ಹೊಟ್ಟೆಯೊತ್ತಿ ನಿಂತಿದ್ದ ಭಾವ, ಚಹಾದ ಲೋಟದಿಂದಲೇ ಸಮುದ್ರದ ಕಡೆ ತೋರಿಸಿ, "ನೋಡು, ಆ ನೀಲಿ ಹೊಟ್ಟೆಯವಳು ಇನ್ನೂ ಹಾಗೇ ಬಿದ್ಕೊಂಡಿದಾಳೆ. ಮಧ್ಯಾಹ್ನದವರೆಗೂ ಅವಳಿಗೆ ಬಿಡುಗಡೆ ಇಲ್ಲ" ಎಂದಿದ್ದರು. ಅವನು ನೋಡಿದ. ಅಲೆತಡೆಯ ಗೋಡೆಯಾಚೆ, ಹಡಗುಗಳು ಲಂಗರು ಹಾಕಿ ಸರದಿ ಕಾಯುವ ಜಾಗದಲ್ಲಿ ನೀಲಿ ಹಡಗೂ ಇರಲಿಲ್ಲ, ಹಸಿರು ಹಡಗೂ ಇರಲಿಲ್ಲ. ಬರೀ ನೀರಿತ್ತು, ನೀರಿನ ಮೇಲೆ ಗಾಜಿನ ಚೂರು ಚೆಲ್ಲಿದ ಹಾಗೆ ಬಿಸಿಲು ಬಿದ್ದಿತ್ತು. ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಲಂಗರಿನ ಜಾಗವನ್ನೇ ಈಚೆಗೆ ಬದಲಾಯಿಸಿದ್ದಾರೋ, ತಾನು ನೋಡಬೇಕಾದ ದಿಕ್ಕೇ ಬೇರೆಯೋ? ಭಾವ ಕಾಯುತ್ತಿದ್ದರು. ಅವನು ವಾಪಸು ಬಂದಾಗಿನಿಂದ ಅವರು ಹೀಗೆಯೇ, ಮಾತು ಹೇಳಿ ಮುಖವನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿಕೊಂಡು, ಎದುರಿಗಿರುವವನನ್ನು ಓರೆಯಾಗಿ ನೋಡುತ್ತ ಕಾಯುತ್ತಾರೆ. ಬಂದರಿನಲ್ಲಿ ಇದನ್ನು ಭಾವನ ಗತ್ತು ಎನ್ನುತ್ತಾರೆ.

"ಹೌದು ಭಾವ," ಎಂದ.

ಇಷ್ಟು ಸಣ್ಣ ಮಾತಿಗೆ ಹೆದರುವುದೇನಿತ್ತು? 'ಹೌದು ಭಾವ' ಎನ್ನುವುದು ಅವನ ನಾಲಿಗೆಯ ಮೇಲೆ ಸಣ್ಣಂದಿನಿಂದ ಕೂತ ಮಾತು. ಅಕ್ಕನ ಮದುವೆಯಾದಾಗ ಭಾವ ಬಂದರಿಗೆ ಹೊಸ ಪೈಲಟ್ ಆಗಿ ಸೇರಿದ್ದರು. ಹೊರಗಿನಿಂದ ಬಂದ ಹಡಗು ಎಷ್ಟೇ ದೊಡ್ಡದಿರಲಿ, ಅದರ ಕ್ಯಾಪ್ಟನ್ ಎಷ್ಟೇ ಸಮುದ್ರ ಅರೆದು ಕುಡಿದವನಿರಲಿ, ಬಂದರಿನ ಬಾಯಿಗೆ ಬಂದ ಮೇಲೆ ಪಕ್ಕಕ್ಕೆ ಸರಿದು ನಿಲ್ಲಬೇಕು; ಊರಿನ ಪೈಲಟ್ ಹಗ್ಗದ ಏಣಿ ಹತ್ತಿ ಮೇಲೆ ಹೋಗಿ, ಹೀಗೆ ತಿರುಗಿಸು, ಹಾಗೆ ನಿಲ್ಲಿಸು ಎಂದು ಹೇಳುತ್ತ ಹಡಗನ್ನು ಒಳಕ್ಕೆ ತಂದು ಧಕ್ಕೆಗೆ ಕಟ್ಟಿಸಬೇಕು. ಭಾವ ಏಣಿ ಹತ್ತುವುದನ್ನು ನೋಡಿಯೇ ಅವನು ಸಮುದ್ರಕ್ಕೆ ಹೋದದ್ದು. ದಿಗಂತದಲ್ಲಿ ಕಡ್ಡಿಯಷ್ಟು ಹೊಗೆ ಕಂಡರೆ ಸಾಕು, ಭಾವ ಅದು ಯಾವ ಹಡಗು, ಎಷ್ಟು ಭಾರ ಹೊತ್ತಿದೆ, ಯಾವ ಕಡೆಗೆ ವಾಲಿದೆ ಎಂದು ಹೇಳುತ್ತಿದ್ದರು. ಅವನಿಗೆ ಹೊಗೆಯೂ ಕಾಣುತ್ತಿರಲಿಲ್ಲ. ಆದರೂ ಹೌದು ಭಾವ, ಹೌದು ಭಾವ ಎನ್ನುತ್ತಿದ್ದ. ಅಂದರೆ ಕಾಣದ್ದನ್ನು ಕಂಡೆ ಎನ್ನುವುದನ್ನು ಕಲಿತದ್ದೇ ಈ ಮನುಷ್ಯನ ಪಕ್ಕದಲ್ಲಿ ನಿಂತು. ಇವತ್ತು ಹೇಳಿದ್ದೂ ಅದೇ ಮಾತು, ಅದೇ ಜಾಗದಲ್ಲಿ. ಆಗ ಇಲ್ಲದ ಹೆದರಿಕೆ ಈಗ ಎಲ್ಲಿಂದ ಬಂತು?

ಒಳಗಿನಿಂದ ಅಕ್ಕ, "ಲೋಟ ಕೊಡಿ ಇಲ್ಲಿ" ಎಂದು ಬಂದವಳು ಭಾವನ ಕೈಯಿಂದ ಲೋಟ ತೆಗೆದುಕೊಂಡು, ಖಾಲಿ ಸಮುದ್ರವನ್ನು ಒಮ್ಮೆ, ತಮ್ಮನನ್ನು ಒಮ್ಮೆ ನೋಡಿ ಒಳಗೆ ಹೋದಳು.

ಬಂದ ಹೊಸದರಲ್ಲಿ ಒಂದು ಕೋಟಿನ ವಿಷಯಕ್ಕೆ ಅಕ್ಕ ಅವನ ಮೇಲೆ ಎಗರಿಬಿದ್ದಿದ್ದಳು. ಬಾಗಿಲ ಪಕ್ಕದ ಗೋಡೆಗೆ ಸಾಲಾಗಿ ಮೊಳೆಗಳಿವೆ. ಅದರಲ್ಲಿ ಮೊದಲನೆಯದಕ್ಕೆ ಭಾವನ ಕಡುನೀಲಿ ಕೋಟು. ಅದು ಗೊತ್ತಿಲ್ಲದೆ ಅವನು ತನ್ನ ಕಂದು ಕೋಟನ್ನು ಅದಕ್ಕೆ ತೂಗುಹಾಕಿ, ಭಾವನದನ್ನು ಪಕ್ಕಕ್ಕೆ ಸರಿಸಿದ್ದ. ಮರುದಿನ ಭಾವ ಆ ಕಂದು ಕೋಟನ್ನೇ ಹಾಕಿಕೊಂಡು ಹೋಗಿ ಇಡೀ ದಿನ ಹಡಗು ಹತ್ತಿಳಿದು ಬಂದರು. ಸಂಜೆ ಬಾಗಿಲು ತೆಗೆದವನೇ ಅವನು ನಕ್ಕುಬಿಟ್ಟ: "ಏನ್ ಭಾವ, ನನ್ನ ಕೋಟಿನ ಮೇಲೆ ಕಣ್ಣು ಬಿದ್ದಂಗಿದೆ?" ಭಾವನೂ ನಕ್ಕರು, ಆದರೆ ಒಂದು ಗಳಿಗೆ ತಡವಾಗಿ. "ನಿನ್ನ ಕೋಟಿಗೂ ಸ್ವಲ್ಪ ಕೆಲಸ ಕಲಿಸೋಣ ಅಂತ" ಎಂದರು. ಅವರು ಸ್ನಾನಕ್ಕೆ ಹೋದ ಮೇಲೆ ಅಕ್ಕ ಅಡುಗೆಮನೆಯಿಂದ ಹೊರಬಂದು ಹಲ್ಲು ಕಚ್ಚಿ ಮಾತಾಡಿದಳು. "ಈ ಮನೇಲಿ ಯಾವುದು ಎಲ್ಲಿರುತ್ತೋ ಅಲ್ಲೇ ಇರಬೇಕು. ಪ್ರಪಂಚ ಎಲ್ಲ ಸುತ್ತಿ ಬಂದೋನಿಗೆ ಒಂದು ಮೊಳೆ ಯಾರದು ಅಂತ ತಿಳಿಯಲ್ವಾ?" ಅವನಿಗೆ ಮುಖ ಸುಟ್ಟ ಹಾಗಾಯಿತು. ತನ್ನನ್ನು ಇಟ್ಟುಕೊಂಡದ್ದು ಭಾರವಾಗಿದೆ, ಅದಕ್ಕೇ ಕೋಟಿನ ನೆಪ ಎಂದುಕೊಂಡ. ಹಡಗಿನ ಸಣ್ಣ ಕೋಣೆಗಳಲ್ಲಿ ವರ್ಷಗಟ್ಟಲೆ ಮಲಗಿದವನಿಗೆ ಬೇರೆಯವರ ಜಾಗಕ್ಕೆ ಮೈ ತಾಗದಂತೆ ಬದುಕುವುದು ಗೊತ್ತಿತ್ತು. ಅಂದಿನಿಂದ ಕೋಟನ್ನು ತನ್ನ ಮಂಚದ ಕಾಲಿಗೇ ಸಿಕ್ಕಿಸಿದ. ನಗುವಂಥ ವಿಷಯಕ್ಕೆ ಅಕ್ಕನ ತುಟಿ ಯಾಕೆ ನಡುಗುತ್ತಿತ್ತು ಎಂದು ಆಗ ಯೋಚಿಸಲಿಲ್ಲ. ಈಗ, ಟವರಿನ ಕೆಲಸಕ್ಕೆ ಹೊರಟು ಮೆಟ್ಟಿಲಿಳಿಯುತ್ತ, ಬೇಡವೆಂದರೂ ಯೋಚನೆ ಅಲ್ಲಿಗೇ ಹೋಗಿ ಕೂತಿತು. ಕಂದು ಬೇರೆ, ನೀಲಿ ಬೇರೆ. ಯಾರಿಗಾದರೂ ಗೊತ್ತಾಗುತ್ತದೆ.

ಬೀದಿಯಲ್ಲಿ ಷಟರ್ ಎತ್ತುತ್ತಿದ್ದ ಔಷಧಿ ಅಂಗಡಿಯವನು ಅವನನ್ನು ನೋಡಿ, "ಓಹೋ, ಇನ್ನೂ ಇದ್ದೀಯಾ? ಹೋಗಿಲ್ವಾ?" ಎಂದ. ಈ ಊರಿನಲ್ಲಿ ಎಲ್ಲರೂ ಅವನನ್ನು ಕೇಳುವುದು ಇದೇ. ಯಾವಾಗ ಬಂದೆ, ಯಾವಾಗ ಹೋಗ್ತೀಯ. ಎರಡೂ ಒಂದೇ ಉಸಿರಿನಲ್ಲಿ, ನಡುವೆ ಇರುವುದು ಅನ್ನುವುದೇ ಇಲ್ಲದ ಹಾಗೆ. "ಈ ಸಲ ಇಲ್ಲೇ," ಎಂದ. "ಎಲ್ಲರೂ ಮೊದಲು ಹಾಗೇ ಅನ್ನೋದು," ಎಂದು ನಕ್ಕು ಅಂಗಡಿಯವನು ಷಟರಿನ ಕೆಳಗೆ ನುಸುಳಿದ. ಮುಂದೆ ಕಲ್ಲಿನ ಮೆಟ್ಟಿಲು. ಮೊದಲು ಇವು ಸೀದಾ ನೀರಿಗೆ ಇಳಿಯುತ್ತಿದ್ದವು. ಕೊನೆಯ ಮೆಟ್ಟಿಲುಗಳಿಗೆ ಪಾಚಿ ಕಟ್ಟಿ ಜಾರುತ್ತಿತ್ತು. ಈಗ ಸಮುದ್ರವನ್ನು ತುಂಬಿ ಹಿಂದಕ್ಕೆ ತಳ್ಳಿದ್ದಾರೆ, ಮೆಟ್ಟಿಲು ಕಾರು ನಿಲ್ಲಿಸುವ ಬಯಲಿಗೆ ಇಳಿಯುತ್ತದೆ. ಅದು ಗೊತ್ತಿದ್ದೂ ಅವನ ಕಾಲು ಪ್ರತಿ ಸಲ ಕೊನೆಯ ಮೆಟ್ಟಿಲುಗಳಲ್ಲಿ ತಾನಾಗಿ ನಿಧಾನವಾಗುತ್ತದೆ, ಹಿಮ್ಮಡಿ ಮೊದಲು ಊರಿ ಜಾರುತ್ತದೋ ಎಂದು ನೋಡುತ್ತದೆ. ಇಲ್ಲದ ಪಾಚಿಗೆ ಹೆದರುವ ಕಾಲು. ಊರನ್ನು ಅವನು ನೋಡಿಕೊಂಡು ನಡೆಯುತ್ತಿರಲಿಲ್ಲ, ನೆನಪು ಮಾಡಿಕೊಂಡು ನಡೆಯುತ್ತಿದ್ದ. ಅದಕ್ಕೇ ಬಂದಾಗಿನಿಂದ ಅಲ್ಲಿ ಇಲ್ಲಿ ಎಡವುವುದು, ಮುಚ್ಚಿಹೋದ ಕ್ಷೌರದಂಗಡಿಯ ಮುಂದೆ ಹೋಗಿ ನಿಲ್ಲುವುದು. ಎಂದೂ ಊರು ಬಿಡದವರೂ ಹಾಗೆ ನಡೆಯಬಹುದೇ? ಪ್ರತಿದಿನ ಅದೇ ದಾರಿ, ಅದೇ ತಿರುವು, ಎಲ್ಲಿ ಏನಿದೆಯೆಂದು ಮೈಗೇ ಗೊತ್ತು. ಕಣ್ಣು ಕೈಕೊಟ್ಟರೆ ಅವರಿಗೇ ತಿಳಿಯಲು ಎಷ್ಟು ಕಾಲ ಬೇಕು? ತಿಳಿದ ಮೇಲೆ ಬಾಯಿಬಿಡಲು?

ಟವರ್ ಎಂದರೆ ಬಂದರಿನ ಮೂಲೆಯಲ್ಲಿ ಎತ್ತರಕ್ಕೆ ನಿಂತ ಗಾಜಿನ ಕೋಣೆ. ಅಲ್ಲಿ ಕೂತವನು ಬರುವ ಹೋಗುವ ಹಡಗುಗಳನ್ನು ಗುರುತು ಹಾಕಿಕೊಳ್ಳಬೇಕು, ಗಾಳಿ ಎಷ್ಟಿದೆ ಹೇಳಬೇಕು, ವೈರ್‌ಲೆಸ್ಸಿಗೆ ಉತ್ತರ ಕೊಡಬೇಕು. ಈ ಕೆಲಸ ಕೊಡಿಸಿದ್ದೂ ಭಾವನೇ. ಹಿಂದಿನ ಪಾಳಿಯವನು ಎಂಥ ಸೆಕೆಯಲ್ಲೂ ಕುತ್ತಿಗೆಗೆ ಮಫ್ಲರ್ ಸುತ್ತಿಕೊಳ್ಳುವುದರಿಂದ ಅವನ ಹೆಸರೇ ಮಫ್ಲರ್ ಎಂದಾಗಿತ್ತು. ಅವನು ಎದ್ದು ಮೈಮುರಿಯುತ್ತ, "ಎಲ್ಲ ತಣ್ಣಗಿದೆ ಮಾರಾಯ. ನೀಲಿ ಹಡಗು ನಸುಕಿಗೇ ಹೊರಟುಹೋಯ್ತು, ಮಧ್ಯಾಹ್ನ ಅಂತಿದ್ದದ್ದು ಇದ್ದಕ್ಕಿದ್ದಂಗೆ ಬದಲಾಯ್ತು" ಎಂದ.

"ನಸುಕಿಗೇನಾ?"

"ಯಾಕೆ, ನಿನಗೆ ಹೇಳದೆ ಹೋದ್ಲು ಅಂತ ಬೇಜಾರಾ?"

ಮಫ್ಲರ್ ತನ್ನ ಹಾಸ್ಯಕ್ಕೆ ತಾನೇ ಕುಲುಕಾಡುತ್ತ ಕೆಳಗಿಳಿದು ಹೋದ. ಅವನು ಕುರ್ಚಿಯಲ್ಲಿ ಕೂತ. ಹಾಗಾದರೆ ತನ್ನ ಕಣ್ಣು ಸರಿಯಾಗಿಯೇ ಇತ್ತು. ಅದರಿಂದ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಭಾವ ಬೆಳಗ್ಗೆ ಹೇಳಿದ್ದು ಕಂಡದ್ದನ್ನಲ್ಲ, ನಿನ್ನೆ ಸಂಜೆ ಕೇಳಿ ತಿಳಿದದ್ದನ್ನು. ಎಷ್ಟು ದಿನದಿಂದ ಹೀಗೆ ಬಾಲ್ಕನಿಯಲ್ಲಿ ನಿಂತು ಸಮುದ್ರವನ್ನು ಬಾಯಿಪಾಠ ಒಪ್ಪಿಸುತ್ತಿದ್ದಾರೆ? ತಾನು ಎಷ್ಟು ಸಲ ನೋಡದೆಯೇ ಹೂಂಗುಟ್ಟಿದ್ದೇನೆ? ಇವತ್ತು ಇನ್ನೊಂದು ಹಡಗು ಬರುವುದಿತ್ತು, ಮರದ ದಿಮ್ಮಿ ಹೇರಿಕೊಂಡದ್ದು, ಅದನ್ನು ತರುವವರು ಭಾವ. ದುರ್ಬೀನನ್ನು ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ಇಲ್ಲಿ ಸೇರಿದ ದಿನ ಮಫ್ಲರ್ ಕಲಿಸಿದ ಪಾಠ ಒಂದೇ: ಪೈಲಟ್ ಕೇಳಿದ್ದಕ್ಕೆ ಉತ್ತರ ಕೊಡು, ಕೇಳದ್ದಕ್ಕೆ ಬಾಯಿ ಹೊಲಿದುಕೋ. ಪೈಲಟ್‌ನ ಕಣ್ಣೆದುರು ಇರುವುದನ್ನು ಟವರಿನವನು ಹೇಳಿದರೆ ಅದು ಬೈಗುಳಕ್ಕಿಂತ ಕಡೆ. ವೈರ್‌ಲೆಸ್ಸಿನಲ್ಲಿ ಹೇಳಿದ್ದನ್ನು ಇಡೀ ಬಂದರು ಕೇಳುತ್ತದೆ. ಹಡಗು ಎಳೆಯುವ ಟಗ್‌ನವರು, ಧಕ್ಕೆಯವರು, ಹಗ್ಗದ ದೋಣಿಯವರು, ಕೊನೆಗೆ ಕಚೇರಿಯಲ್ಲಿ ಕೂತ ದೊಡ್ಡ ಸಾಹೇಬರೂ.

ದಿಮ್ಮಿಯ ಹಡಗು ಅಲೆತಡೆಯ ಬಾಯಿ ದಾಟಿದಾಗ ಅವನು ಕುರ್ಚಿಗೆ ಒರಗಿದ. ಭಾವನ ದನಿ ವೈರ್‌ಲೆಸ್ಸಿನಲ್ಲಿ ಎಂದಿನಂತೆ ನಿಧಾನವಾಗಿ, ಆಕಳಿಸಿದ ಹಾಗೆ ಬರುತ್ತಿತ್ತು. ಹಡಗು ಒಂದು ಕೂದಲೆಳೆಯೂ ಆಚೀಚೆಯಾಗದೆ ಕಾಲುವೆಯ ನಡುವೆ ಬಂತು. ನೋಡು, ಸುಮ್ಮನೆ ಏನೇನೋ ಕಲ್ಪಿಸಿಕೊಂಡೆ, ಕಣ್ಣು ಇಲ್ಲದವರು ಹೀಗೆ ತರುತ್ತಾರೆಯೇ ಎಂದುಕೊಂಡ. ಇನ್ನು ಉಳಿದದ್ದು ಹಗ್ಗ ಕಟ್ಟುವ ಕೆಲಸ. ಧಕ್ಕೆಯ ಮುಂದೆ ನೀರಿನೊಳಗೇ ಒಂದು ದಪ್ಪ ಕಂಬ ನಿಂತಿದೆ. ಹಡಗಿನ ಮೂತಿಯ ಹಗ್ಗವನ್ನು ಅದಕ್ಕೆ ತೊಡಿಸಬೇಕು. ಅದಕ್ಕಾಗಿ ಒಂದು ಸಣ್ಣ ದೋಣಿ ಚಲಿಸುವ ಹಡಗಿನ ಮೂತಿಯ ಕೆಳಗೆ ನುಗ್ಗಿ, ಮೇಲಿನಿಂದ ಇಳಿಬಿಟ್ಟ ಹಗ್ಗ ಹಿಡಿದು ಆಚೆ ಓಡಬೇಕು. ದೋಣಿ ತಾನಾಗಿ ಒಳಗೆ ಹೋಗುವಂತಿಲ್ಲ. ಪಕ್ಕದಲ್ಲಿ ಕಾಯುತ್ತಿರುತ್ತದೆ. ಪೈಲಟ್ ಹಡಗಿನ ಮೇಲಂತಸ್ತಿನ ತುದಿಗೆ ಬಂದು, ಕೆಳಗೆ ಬಗ್ಗಿ, ದೋಣಿಯನ್ನು ನೋಡಿ, ಬಲಗೈಯನ್ನು ತಲೆಯ ಮೇಲಕ್ಕೆ ಎತ್ತುತ್ತಾರೆ. ನಿಮ್ಮನ್ನು ಕಂಡೆ, ನೀವು ಈಚೆ ಬರುವವರೆಗೆ ನನ್ನ ಕಣ್ಣು ನಿಮ್ಮ ಮೇಲಿರುತ್ತದೆ, ಬನ್ನಿ ಎಂದು ಅದರ ಅರ್ಥ. ಇದಕ್ಕೆ ವೈರ್‌ಲೆಸ್ ಇಲ್ಲ, ಮಾತಿಲ್ಲ. ಕೈ ಕಂಡರೆ ದೋಣಿ ಹೋಗುತ್ತದೆ.

ದೋಣಿಯಲ್ಲಿದ್ದವನು ಗೂಟ. ಕುಳ್ಳಗೆ, ಗಟ್ಟಿಯಾಗಿ, ಎಂಥ ಅಲೆಗೂ ಅಲುಗದೆ ನಿಲ್ಲುತ್ತಾನೆಂದು ಆ ಹೆಸರು. ಜೊತೆಗೆ ಹಗ್ಗ ಹಿಡಿಯಲು ಅವನ ಅಳಿಯ, ಮಗಳನ್ನು ಮದುವೆಯಾಗಿ ಇನ್ನೂ ಹೊಸದು. ಮಾವ ಅಳಿಯ ಇಬ್ಬರೂ ದಿನವಿಡೀ ಜಗಳವಾಡುವುದು ವೈರ್‌ಲೆಸ್ಸಿನಲ್ಲಿ ಎಲ್ಲರಿಗೂ ಪುಕ್ಕಟೆ ತಮಾಷೆ. "ಅಳಿಯಂದಿರೇ, ಹಗ್ಗ ಹಿಡೀರಿ, ಮದುವೆ ಫೋಟೋ ಅಲ್ಲ ಇದು" ಎಂದು ಗೂಟ ಕೂಗಿದ್ದು ಕೇಳಿಸಿತು. ಅವನು ದುರ್ಬೀನನ್ನು ಹಡಗಿನ ಮೇಲಂತಸ್ತಿಗೆ ತಿರುಗಿಸಿದ. ಭಾವ ತುದಿಗೆ ಬಂದರು. ಬಗ್ಗಿದರು. ಕಡುನೀಲಿ ಕೋಟಿನ ತೋಳು ಮೇಲೆ ಹೋಯಿತು. ಆದರೆ ದೋಣಿ ಅಲ್ಲಿರಲಿಲ್ಲ. ಅಳಿಯ ಏನೋ ಎಡವಟ್ಟು ಮಾಡಿಕೊಂಡು ದೋಣಿ ಇನ್ನೂ ಹಿಂದೆ, ಹಡಗಿನ ಪಕ್ಕೆಯ ನೆರಳಿನಲ್ಲಿತ್ತು. ಭಾವ ಖಾಲಿ ನೀರನ್ನು ನೆಟ್ಟ ನೋಟದಿಂದ ನೋಡಿ, ಖಾಲಿ ನೀರಿಗೇ ಕೈ ಎತ್ತಿದ್ದರು. ದಿನಾ ಎತ್ತುವ ಜಾಗ ಬಂದಿತ್ತು, ಎತ್ತಿದರು. ಎಲ್ಲರನ್ನೂ ಓರೆಯಾಗಿ ನೋಡುವವರು ಅಲ್ಲಿ ಮಾತ್ರ ನೇರವಾಗಿ ನೋಡುತ್ತಿದ್ದರು, ಕಣ್ಣಿದ್ದವರು ನೋಡುವ ಹಾಗೆ.

ಗೂಟ ಕೈಯನ್ನು ನೋಡಿದ. ದೋಣಿ ತಡವಾದದ್ದಕ್ಕೆ ಬೈಸಿಕೊಳ್ಳಬಾರದೆಂದು ಒಮ್ಮೆಲೇ ಮೂತಿಯ ಕೆಳಗೆ ನುಗ್ಗಿದ. ಅಲ್ಲಿ ಇಂಜಿನ್ ಒಂದೆರಡು ಸಲ ಕೆಮ್ಮಿ ನಿಂತುಹೋಯಿತು. ಗೂಟ ಬಗ್ಗಿ ಇಂಜಿನ್ ಎಬ್ಬಿಸುವ ಹಗ್ಗ ಜಗ್ಗಿದ, ಮತ್ತೆ ಜಗ್ಗಿದ. ಅಳಿಯ ಹುಟ್ಟಿಗೆ ಕೈ ಹಾಕಿದ. ಹಡಗು ಬರುತ್ತಲೇ ಇತ್ತು. ನಿಧಾನವಾಗಿ, ಮನೆಯೊಂದು ಜಾರಿ ಬಂದ ಹಾಗೆ. ಹಡಗಿನ ಕ್ಯಾಪ್ಟನ್ ಧಕ್ಕೆ ಎಷ್ಟು ದೂರ ಎಂದು ನೋಡುತ್ತ ಆಚೆಯ ತುದಿಯಲ್ಲಿದ್ದ; ಮುಂದಿನ ಕೆಲಸಗಾರರು ಹಗ್ಗದ ಸಿಕ್ಕು ಬಿಡಿಸುತ್ತ ಬೆನ್ನು ಬಗ್ಗಿಸಿದ್ದರು. ಭಾವನ ಮುಖ ದೋಣಿಯ ಕಡೆಗೇ ಇತ್ತು. ಈಗ ಹೇಳುತ್ತಾರೆ, ಈಗ ಹಿಂದಕ್ಕೆ ಎನ್ನುತ್ತಾರೆ ಎಂದು ಅವನು ಕಾದ. ವೈರ್‌ಲೆಸ್ಸಿನ ಗುಂಡಿಯ ಮೇಲೆ ಹೆಬ್ಬೆರಳಿತ್ತು. ಒತ್ತಿದರೆ ಏನೆಂದು ಹೇಳುವುದು? ಭಾವ, ಮುಂದೆ ದೋಣಿ ಇದೆ ಎನ್ನುವುದೇ? ಹಾಗೆಂದ ಕ್ಷಣದಿಂದ ಇಡೀ ಬಂದರಿನಲ್ಲಿ ಅವರು ಪೈಲಟ್ ಅಲ್ಲ. ನಾಳೆ ಬೆಳಗ್ಗೆ ಆ ಬಾಲ್ಕನಿಯಲ್ಲಿ ಅವರ ಪಕ್ಕ ಯಾವ ಮುಖ ಹೊತ್ತು ನಿಲ್ಲುವುದು? ಅವರಿಗೆ ಕಂಡಿರಬಹುದು, ಕಂಡೇ ಇರುತ್ತದೆ, ಅವರ ಲೆಕ್ಕ ಅವರಿಗಿರುತ್ತದೆ, ನಾನು ನಡುವೆ ಬಾಯಿ ಹಾಕಿ ಮರ್ಯಾದೆ ಕಳೆದರೆ... ಹೀಗೆ ಒಂದರ ಮೇಲೊಂದು ಯೋಚನೆ ಬರುವಷ್ಟು ಹೊತ್ತು ಅವನ ಹೆಬ್ಬೆರಳು ಗುಂಡಿಯ ಮೇಲೆ ಸುಮ್ಮನೆ ಇತ್ತು. ಅಷ್ಟು ಹೊತ್ತಿನಲ್ಲಿ ಹಡಗು ಎಷ್ಟು ದೂರ ಬಂತೆಂದು ಅವನು ನೋಡಿದ. ಆಮೇಲೆ ಗುಂಡಿ ಒತ್ತಿದವನು ಭಾವನಿಗೆ ಹೇಳಲಿಲ್ಲ, ದೋಣಿಗೆ ಹೇಳಿದ.

"ಹಗ್ಗದ ದೋಣಿ, ಹಗ್ಗದ ದೋಣಿ, ಇಂಜಿನ್ ನಿಂತಿದೆಯಾ? ಮೂತಿ ಕೆಳಗೇ ಇದೀರ!"

ದೋಣಿಯಿಂದ ಉತ್ತರ ಬರಲಿಲ್ಲ. ಭಾವನ ದನಿ ಬಂತು, ಆಕಳಿಕೆಯಿಲ್ಲದೆ, ಹರಿದ ಬಟ್ಟೆಯ ಹಾಗೆ: "ಫುಲ್ ಹಿಂದಕ್ಕೆ! ಹಿಂದಕ್ಕೆ!" ಹಡಗಿನ ಹಿಂಭಾಗದಲ್ಲಿ ನೀರು ಕುದಿಯಿತು. ಮೂತಿ ಬಂದದ್ದು ಬಂದೇ ದೋಣಿಯನ್ನು ಕಂಬಕ್ಕೆ ಒತ್ತಿ, ಅಲ್ಲಿ ನಿಂತು, ಹಿಂದೆ ಸರಿಯಿತು. ದೋಣಿ ಮುಳುಗಲಿಲ್ಲ. ದೋಣಿಗೂ ಕಂಬಕ್ಕೂ ನಡುವೆ ಅಳಿಯನ ಎಡಗೈ ಸಿಕ್ಕಿಕೊಂಡಿತ್ತು.

ಮಧ್ಯಾಹ್ನ ದೊಡ್ಡ ಸಾಹೇಬರ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು, ಕಿಟಕಿಗೆ ಪರದೆ ಎಳೆದಿತ್ತು. ಸಾಹೇಬರು ಒಳ್ಳೆಯ ಮನುಷ್ಯ, ಬೇಗ ಮುಗಿಸಿ ಊಟಕ್ಕೆ ಹೋಗಬೇಕೆಂಬುದು ಅವರ ಮುಖದಲ್ಲೇ ಇತ್ತು. ಭಾವ ಕುರ್ಚಿಯಲ್ಲಿ ಕೂತಿದ್ದರು, ಅವನು ನಿಂತಿದ್ದ. ಅಳಿಯನ ಬೆರಳುಗಳಲ್ಲಿ ಕೆಲವು ಉಳಿಯುವುದಿಲ್ಲವಂತೆ, ಜೀವಕ್ಕೇನೂ ಇಲ್ಲ ಎಂದು ಆಸ್ಪತ್ರೆಯಿಂದ ಫೋನು ಬಂದಿತ್ತು. "ಇಂಜಿನ್ ಕೆಟ್ಟದ್ದಕ್ಕೆ ಯಾರು ಏನು ಮಾಡೋಕಾಗುತ್ತೆ," ಎಂದರು ಸಾಹೇಬರು. "ಆದರೆ ಟವರಿನಿಂದ ಯಾಕೆ ಮಾತು ಹೋಯ್ತು? ಅದು ಪದ್ಧತಿ ಅಲ್ಲವಲ್ಲ?"

ಅವನು ಬಾಯಿ ತೆರೆಯುವ ಮೊದಲೇ ಭಾವ ನಕ್ಕರು. "ನನ್ನ ಭಾವಮೈದ ಸಾರ್, ನಾನೇ ಹೇಳಿಬಿಡ್ತೀನಿ. ಹೊರಗಿನ ಸಮುದ್ರದಲ್ಲಿ ಇದ್ದೋನು. ಅಲ್ಲಿ ಕಣ್ಣು ಹಾಯಿಸಿದಷ್ಟೂ ಜಾಗ. ನಮ್ಮ ಬಂದರಿನ ಇಕ್ಕಟ್ಟು ಮರೆತುಹೋಗಿದೆ, ಗಾಬರಿಬಿದ್ದ. ನಾನು ಹಿಂದಕ್ಕೆ ಅನ್ನೋದಕ್ಕೂ ಇವನು ಕಿರುಚೋದಕ್ಕೂ ಸರಿಹೋಯ್ತು. ಕಲೀತಾನೆ ಬಿಡಿ." ಹೇಳುತ್ತ ಅವನ ಮೊಣಕೈಯನ್ನು ತಟ್ಟಿದರು. ತಟ್ಟಿದ ಕೈ ತಣ್ಣಗಿತ್ತು, ಒದ್ದೆಯಾಗಿತ್ತು; ಕೋಟಿನ ತೋಳಿನ ಮೂಲಕವೂ ಅದು ತಿಳಿಯಿತು. ಆ ಒದ್ದೆಯೊಂದು ಇಲ್ಲದಿದ್ದರೆ ಅವನಿಗೆ ಸಿಟ್ಟು ಬರುತ್ತಿತ್ತು, ಸಿಟ್ಟಿನಲ್ಲಿ ಏನಾದರೂ ಹೇಳಿಯೂ ಬಿಡುತ್ತಿದ್ದ.

ಸಾಹೇಬರು ಅವನ ಕಡೆ ತಿರುಗಿದರು. "ಒಂದೇ ಮಾತು ಕೇಳ್ತೀನಿ. ದುರ್ಬೀನು ನಿನ್ನ ಕೈಲಿತ್ತು. ಪೈಲಟ್ ದೋಣಿಯನ್ನ ನೋಡಿದರಾ?"

ಭಾವ ಅವನನ್ನು ನೋಡಲು ಮುಖವನ್ನು ಪಕ್ಕಕ್ಕೆ, ಗೋಡೆಯ ಗಡಿಯಾರದ ಕಡೆಗೆ ತಿರುಗಿಸಿಕೊಂಡರು. ಓರೆಯಾದರೆ ಮಾತ್ರ ಏನಾದರೂ ಕಾಣುತ್ತದೇನೋ ಎನಿಸಿದ ಆ ನೋಟದಲ್ಲಿ ತಾನು ಹೇಗೆ ಕಾಣುತ್ತಿರಬಹುದು? ಬಟ್ಟೆಯ ಗಂಟಿನ ಹಾಗೆ, ಕಂದು ಕೋಟಿನ ಹಾಗೆ? ಸುಳ್ಳು ಹೇಳಬಾರದು ಎಂದುಕೊಂಡ. ನಿಜವನ್ನೂ ಹೇಳಲಾರೆ ಎಂದುಕೊಂಡ. ಎರಡರ ನಡುವೆ ಒಂದು ಸಂದಿ ಕಂಡಿತು, ಅದರಲ್ಲಿ ಮೈ ತೂರಿಸಿದ.

"ಕೈ ಎತ್ತಿದರು ಸಾರ್," ಎಂದ.

"ಎತ್ತಿದರು ಅಂದರೆ ನೋಡಿದರು ಅಂತಲೇ ಆಯ್ತಲ್ಲ," ಎಂದು ಸಾಹೇಬರು ಎದ್ದು ನಿಂತರು. "ಇನ್ನು ಮೇಲೆ ಗಾಬರಿ ಬೀಳಬೇಡಪ್ಪ. ನಿನ್ನ ಭಾವ ನೀನು ಹುಟ್ಟೋ ಮೊದಲಿಂದ ನೀರು ನೋಡ್ತಿರೋರು."

ಬಾಗಿಲ ಹೊರಗಿನ ಬೆಂಚಿನ ಮೇಲೆ ಗೂಟ ಕೂತಿದ್ದ. ಅವನನ್ನು ಒಳಗೆ ಕರೆಯಲೇ ಇಲ್ಲ. ಅವನ ಅಂಗಿಯ ಮೇಲೆ ಅಳಿಯನ ರಕ್ತ ಒಣಗಿ ಕಪ್ಪಾಗಿತ್ತು. ಭಾವ ಅವನ ಹೆಗಲ ಮೇಲೆ ಕೈಯಿಟ್ಟು, "ಹುಡುಗನನ್ನ ನಾನು ನೋಡ್ಕೊಂಡು ಬರ್ತೀನಿ ಸಂಜೆ" ಎಂದರು. ಗೂಟ ಎದ್ದು ನಿಂತು, ತಲೆಯಾಡಿಸಿ, ಭಾವನ ಮುಖವನ್ನು ನೋಡಿದ. ಸ್ವಲ್ಪ ಜಾಸ್ತಿ ಹೊತ್ತೇ ನೋಡಿದ.

ಸಂಜೆ ಭಾವ ಆಸ್ಪತ್ರೆಗೆ ಹೋಗಿದ್ದಾಗ ಅಕ್ಕ ಅಡುಗೆಮನೆಯಲ್ಲಿ ಡಬ್ಬಿಗಳನ್ನು ಒರೆಸಿ ಒರೆಸಿ ಅವುಗಳ ಜಾಗದಲ್ಲೇ ಇಡುತ್ತಿದ್ದಳು. ಉಪ್ಪಿನದು ಇಲ್ಲಿ, ಸಕ್ಕರೆಯದು ಅಲ್ಲಿ, ನಡುವೆ ಒಂದು ಗೇಣು. ಅವನು ಬಾಗಿಲಿಗೆ ಒರಗಿ ನಿಂತ. ಕೇಳಬೇಕೆಂದುಕೊಂಡು ಬಂದವನಿಗೆ ಕೇಳುವ ಅಗತ್ಯವೇ ಬೀಳಲಿಲ್ಲ.

"ಎಷ್ಟು ದಿನ ಆಯ್ತು ಅಕ್ಕ?" ಎಂದಷ್ಟೇ ಅಂದ.

ಅವಳು ತಿರುಗಲಿಲ್ಲ. "ಹೋದ ವರ್ಷ ನನ್ನ ಮುಖ ಕಾಣಲ್ಲ ಅಂದ್ರು. ಸುತ್ತ ಎಲ್ಲ ಕಾಣುತ್ತಂತೆ. ನಡುವೆ ಮಾತ್ರ ಬೂದಿ ಮೆತ್ತಿದ ಹಾಗೆ. ನಾನು ನಗಾಡಿದೆ ಕಣೋ, ನನ್ನ ಮುಖ ನೋಡಿ ನೋಡಿ ಬೇಜಾರಾಗಿರಬೇಕು ಅಂತ."

"ಪರೀಕ್ಷೆ ಮಾಡ್ತಾರಲ್ಲ, ಕಣ್ಣಿಗೆ?"

"ಆ ಗೋಡೆ ಮೇಲಿನ ಅಕ್ಷರ ಅವರಿಗೆ ಬಾಯಿಪಾಠ. ನಾನೇ ಹೇಳಿಕೊಟ್ಟಿದ್ದು, ಇದೇ ಅಡುಗೆಮನೇಲಿ ಕೂತು." ಡಬ್ಬಿಯ ಮುಚ್ಚಳ ಸರಿಯಾಗಿ ಕೂರದೆ ಅವಳು ಅದನ್ನು ಒತ್ತಿದಳು. "ನೀನು ಏನಾದ್ರೂ ಅನ್ನು. ಅವರಿಗೆ ಅದು ಬಿಟ್ಟು ಬೇರೆ ಏನು ಬರುತ್ತೆ? ಮನೇಲಿ ಕೂತ್ರೆ ಆ ಮನುಷ್ಯ ಉಳೀತಾರಾ? ನೀನೇ ಹೇಳು, ಉಳೀತಾರಾ?"

ಅಕ್ಕ ಈಗ ತಿರುಗಿದಳು. "ಅದಕ್ಕೇ ನಿನಗೆ ಫೋನ್ ಮಾಡಿದ್ದು. ಟವರಿನ ಜಾಗ ಖಾಲಿ ಆಗುತ್ತೆ ಅಂತ ಗೊತ್ತಾದ ದಿನವೇ ಮಾಡಿದೆ. ಬೇರೆ ಯಾರು ಕೂತರೂ ನನಗೆ ಎದೆ ಹೊಡ್ಕೊಳ್ಳುತ್ತೆ. ನಮ್ಮೋನೊಬ್ಬ ಮೇಲೆ ಕೂತಿದ್ರೆ ಧೈರ್ಯ ಅಂತ. ಇವತ್ತು ನೋಡು, ನೀನಿದ್ದದ್ದಕ್ಕೆ ತಾನೇ..."

ಆ ಫೋನು ಬಂದಾಗ ಅವನು ಯಾವುದೋ ಬಂದರಿನ ಲಾಡ್ಜಿನಲ್ಲಿ, ಮುಗಿದ ಕೆಲಸ ಒಂದಾಗಿ, ಮುಂದಿನದು ಸಿಗದೆ ಬಿದ್ದುಕೊಂಡಿದ್ದ. ಬಾರೋ, ಸಾಕು ತಿರುಗಿದ್ದು, ಇನ್ನು ಇಲ್ಲೇ ನಮ್ಮ ಜೊತೆ ಇರು ಎಂದಿದ್ದಳು ಅಕ್ಕ. ಆ ಮಾತು ಕೇಳಿ ಅವನು ಲಾಡ್ಜಿನ ಹೊದಿಕೆಗೆ ಮುಖ ಒತ್ತಿಕೊಂಡು ಅತ್ತಿದ್ದ. ಯಾರಿಗಾದರೂ ತಾನು ಬೇಕಾಗಿದ್ದೇನೆ ಎಂದು. ಬೇಕಾಗಿದ್ದೆ, ಅದರಲ್ಲಿ ಸುಳ್ಳೇನೂ ಇಲ್ಲ. ಒಂದು ಜೊತೆ ಕಣ್ಣು ಬೇಕಾಗಿತ್ತು, ಅದರ ಹಿಂದೆ ತಾನೂ ಬಂದೆ. ನಗು ಬಂದ ಹಾಗಾಯಿತು. ಅಕ್ಕನ ಮೇಲೆ ಕೋಪ ಬರಲೆಂದು ಕಾದ, ಬರಲಿಲ್ಲ. ಅವಳ ಕೆನ್ನೆ ಇಳಿದಿತ್ತು, ಕಣ್ಣ ಕೆಳಗೆ ಕಪ್ಪಾಗಿತ್ತು. ಒಂದು ವರ್ಷದಿಂದ ಇದನ್ನು ಯಾರೂ ನೇರವಾಗಿ ನೋಡಿರಲಿಲ್ಲ, ತಾನೂ ಸೇರಿ. "ಬೆರಳು ಹೋಯ್ತು ಅಕ್ಕ ಆ ಹುಡುಗಂದು," ಎಂದ. "ಗೊತ್ತು," ಎಂದಳು. ಆಮೇಲೆ, ಬಹಳ ಮೆತ್ತಗೆ, "ನೀನು ಸ್ವಲ್ಪ ಬೇಗ ಹೇಳಬಹುದಿತ್ತಲ್ಲವಾ?" ಎಂದಳು.

ಕೆಳಗೆ ಬೀದಿಯಲ್ಲಿ ಭಾವನ ಹೆಜ್ಜೆ ಕೇಳಿಸಿತು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಚಹಾಕ್ಕೆ ನೀರಿಟ್ಟಳು. ಒಳಗೆ ಬಂದ ಭಾವ ಕೋಟನ್ನು ಮೊದಲ ಮೊಳೆಗೆ ಹಾಕಿ, "ಹುಡುಗ ಗಟ್ಟಿ. ನಗ್ತಾ ಇದ್ದ" ಎಂದರು. ಕೈ ತೊಳೆಯುತ್ತ, ಯಾರಿಗೂ ಅಲ್ಲದ ಹಾಗೆ, "ನಗ್ತಾ ಇದ್ದ ಅನ್ಸುತ್ತೆ" ಎಂದರು. ಊಟದ ಹೊತ್ತಿಗೆ ಅವರು ಅವನ ತಟ್ಟೆಯ ಕಡೆ ನೋಡದೆ, "ನಾಳೆ ದೊಡ್ಡದೊಂದು ಬರುತ್ತೆ. ದೋಣಿಯವರು ಸ್ವಲ್ಪ ಮೈಗಳ್ಳರು, ನೀನು ವೈರ್‌ಲೆಸ್ಸಲ್ಲಿ ಅವರ ಜೊತೆ ಮಾತಾಡ್ತಾ ಇರು. ಅವರೆಲ್ಲಿದಾರೆ, ಏನ್ ಮಾಡ್ತಿದಾರೆ ಅಂತ. ಸಾಹೇಬರಿಗೆ ನಾನು ಹೇಳ್ತೀನಿ" ಎಂದರು. ಅವನು ತಲೆಯೆತ್ತಿದ. ಹಾಗಾದರೆ ಭಾವನಿಗೆ ಎಲ್ಲ ಗೊತ್ತು. ತನಗೆ ಗೊತ್ತಾಗಿದೆ ಎಂಬುದೂ ಗೊತ್ತು. ಮೂರು ಜನ ಒಂದೇ ಮೇಜಿನ ಸುತ್ತ ಕೂತು ಒಂದೇ ವಿಷಯವನ್ನು ಅಗಿಯುತ್ತಿದ್ದರು, ನುಂಗುವವರಿರಲಿಲ್ಲ.

"ಹೌದು ಭಾವ," ಎಂದ.

ಬೆಳಗ್ಗೆ ಅವನು ಟವರಿಗೆ ಹೋಗುವ ದಾರಿ ಬಿಟ್ಟು ಧಕ್ಕೆಯ ಕಡೆಯಿಂದ ಬಂದ. ಯಾಕೆ ಬಂದನೆಂದು ಅವನಿಗೇ ಗೊತ್ತಿರಲಿಲ್ಲ. ಗೂಟ ದೋಣಿಯಲ್ಲಿ ಕೂತು ಇಂಜಿನ್ನಿನ ಮುಚ್ಚಳ ತೆರೆದು ಎಣ್ಣೆಯ ಕೈಯಿಂದ ಏನೋ ತಿರುಗಿಸುತ್ತಿದ್ದ. ದೋಣಿಯ ಒಂದು ಪಕ್ಕೆ ಒಳಕ್ಕೆ ತಗ್ಗಿಹೋಗಿತ್ತು. ಅಳಿಯನ ಜಾಗದಲ್ಲಿ ಅಳಿಯನ ತಮ್ಮ ಕೂತು ಹಗ್ಗದ ಸುರುಳಿಯನ್ನು ಹೇಗೆ ಹಿಡಿಯುವುದೆಂದು ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡಿದ್ದ.

"ನೆನ್ನೆ ನೀವು ಕೂಗದೆ ಇದ್ದಿದ್ರೆ ನನ್ನ ಮಗಳ ಗತಿ ಬೇರೆ ಇತ್ತು ಸಾರ್," ಎಂದ ಗೂಟ. ಗೂಟ ಕೈಯನ್ನು ಚಿಂದಿಗೆ ಒರೆಸಿಕೊಂಡು ಧಕ್ಕೆಯ ಮೇಲಕ್ಕೆ ಬಂದ. ಹತ್ತಿರ ನಿಂತ. ಅವನ ಮೈಯಿಂದ ಡೀಸೆಲ್ಲಿನ ವಾಸನೆ ಬರುತ್ತಿತ್ತು. "ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬೇಡಿ. ನಾನು ನೆನ್ನೆ ತಡ ಮಾಡ್ದೆ, ಮೊದಲಿನ ಜಾಗದಲ್ಲಿ ಇರಲಿಲ್ಲ. ನಾನಿಲ್ಲದ ಕಡೆಗೆ ಕೈ ಎತ್ತಿದರು ಅವರು. ರಾತ್ರಿಯೆಲ್ಲ ಅದೇ ಕಣ್ಣ ಮುಂದೆ."

"ಬಿಸಿಲಿತ್ತಲ್ಲ," ಎಂದ ಅವನು.

"ಇತ್ತು. ಬಿಸಿಲಿತ್ತು." ಗೂಟ ಒಪ್ಪಿಕೊಂಡು, ಮತ್ತೆ ಶುರುಮಾಡಿದ. "ಅವರ ಕೈ ನೋಡಿಯೇ ನಾನು ಇಷ್ಟು ವರ್ಷ ಒಳಗೆ ಹೋಗಿದೀನಿ. ದೇವರ ಕೈ ಇದ್ದ ಹಾಗೆ ನಮಗೆ. ನಾನು ಯಾರ ಹತ್ರಾನೂ ಬಾಯಿ ಬಿಡಲ್ಲ, ಕಂಪ್ಲೇಂಟೂ ಕೊಡಲ್ಲ. ಅವರು ಎತ್ತಲಿ, ನಾನು ಸ್ವಲ್ಪ ಹಿಂದೆ ಇರ್ತೀನಿ, ನನ್ನ ಕಣ್ಣಲ್ಲೇ ನೋಡ್ಕೊಂಡು ಹೋಗ್ತೀನಿ, ಯಾರಿಗೂ ಗೊತ್ತಾಗಲ್ಲ. ನೀವು ಮನೆಯೋರು, ಒಂದೇ ಮನೇಲಿ ಇದೀರ. ಆ ಕೈ ನಂಬ್ಕೊಂಡು ಹೋಗಬಹುದಾ ಬೇಡ್ವಾ, ಅಷ್ಟು ಹೇಳಿ. ಬಾಯಿ ಬಿಟ್ಟೂ ಹೇಳಬೇಡಿ. ಹೂಂ ಅಂತ ತಲೆ ಆಡಿಸಿ, ಇಲ್ಲಾ ಉಹೂಂ ಅಂತ ಆಡಿಸಿ. ಸಾಕು ನನಗೆ."

ಅಲೆತಡೆಯ ಆಚೆ ದೊಡ್ಡ ಹಡಗು ಆಗಲೇ ಬಂದು ನಿಂತಿತ್ತು. ಪೈಲಟ್‌ನ ದೋಣಿ ಅದರ ಕಡೆ ಬಿಳಿ ಗೆರೆ ಎಳೆಯುತ್ತ ಹೋಗುತ್ತಿತ್ತು. ಅದರೊಳಗೆ ನಿಂತ ಕಡುನೀಲಿ ಕೋಟು ಇಲ್ಲಿಂದಲೂ ಕಾಣುತ್ತಿತ್ತು. ತಲೆ ಆಡಿಸುವುದು ಎಷ್ಟು ಸಣ್ಣ ಕೆಲಸ ಎಂದು ಯೋಚಿಸಿದ. ಆ ಕಡೆ ಆಡಿಸಿದರೆ ಭಾವ ಸುಳ್ಳಾಗುತ್ತಾರೆ, ಅಕ್ಕ ಸುಳ್ಳಾಗುತ್ತಾಳೆ, ನಿನ್ನೆ ಸಾಹೇಬರ ಮುಂದೆ ನಿಂತ ತಾನೂ ಸುಳ್ಳಾಗುತ್ತೇನೆ. ಈ ಕಡೆ ಆಡಿಸಿದರೆ ಗೂಟ ಮೂತಿಯ ಕೆಳಗೆ ಹೋಗುತ್ತಾನೆ. ಯಾವ ಕಡೆಯೂ ಆಡಿಸದೆ, ಗೂಟನ ಮುಖ ಬಿಟ್ಟು ದೋಣಿಯ ತಗ್ಗಿದ ಪಕ್ಕೆಯನ್ನು ನೋಡುತ್ತ ಕೇಳಿದ:

"ಇಂಜಿನ್ ಸರಿ ಮಾಡಿಸಿದ್ಯಾ?"

ಗೂಟ ಚಿಂದಿಯನ್ನು ಹೆಗಲ ಮೇಲೆ ಹಾಕಿಕೊಂಡ. ಅವನ ಮುಖದಿಂದ ಏನೋ ಇಳಿದುಹೋಯಿತು, ಅಲ್ಲಿ ಎಂದಿನ ನಗು ಬಂದು ಕೂತಿತು. "ಆಗಿದೆ ಸಾರ್. ಗಡಿಯಾರದ ಹಾಗೆ ಓಡ್ತದೆ. ಹಾಗಾದ್ರೆ ಭಯ ಇಲ್ಲ ಅನ್ನಿ," ಎಂದ. ಕೇಳಿದ್ದಕ್ಕೆ ಉತ್ತರ ಸಿಕ್ಕಿತು ಎಂದುಕೊಂಡವನ ಹಾಗೆ ದೋಣಿಗೆ ಇಳಿದು, ಅಳಿಯನ ತಮ್ಮನಿಗೆ, "ಏಳಯ್ಯ, ಹಗ್ಗ ಮಗು ಅಲ್ಲ, ಮಡಿಲಲ್ಲಿ ಇಟ್ಕೋಬೇಡ" ಎಂದು ಗದರಿದ.

ಅವನು ಟವರಿನ ಮೆಟ್ಟಿಲು ಹತ್ತಿದ. ದುರ್ಬೀನು ತೆಗೆದುಕೊಂಡ. ಗುಂಡಿಯ ಮೇಲೆ ಹೆಬ್ಬೆರಳಿಟ್ಟು, ಹಡಗು ಇನ್ನೂ ದೂರವಿರುವಾಗಲೇ, ಭಾವನ ಕಿವಿಗೂ ಬೀಳುವಂತೆ, ದೋಣಿಯ ಜೊತೆ ಮಾತು ಶುರುಮಾಡಿದ. ಹಗ್ಗದ ದೋಣಿ ಈಗ ಕಂಬದ ಎಡಕ್ಕಿದೆ, ಹಗ್ಗದ ದೋಣಿ ಈಗ ಮುಂದೆ ಬರುತ್ತಿದೆ. "ನಾವೆಲ್ಲಿದೀವಿ ಅಂತ ನಮಗೇ ಹೇಳ್ತೀರಲ್ಲ ಸಾರ್, ನಾವೇನು ತಪ್ಪಿಸ್ಕೊಂಡಿದೀವಾ?" ಎಂದು ಗೂಟ ವೈರ್‌ಲೆಸ್ಸಿನಲ್ಲಿ ನಕ್ಕ, ಟಗ್‌ನವರು ನಕ್ಕರು, ಬಂದರಿನಲ್ಲಿ ಯಾರ್ಯಾರೋ ನಕ್ಕರು. ಹಡಗು ಕಂಬದ ಹತ್ತಿರ ಬಂತು. ಭಾವ ತುದಿಗೆ ಬಂದು ಬಗ್ಗಿ ನೇರವಾಗಿ ನೋಡಿದರು. ಕೈ ಮೇಲೆ ಹೋಯಿತು. ಗೂಟ ಆ ಕೈಯನ್ನು ನೋಡಿದ, ದೋಣಿಯನ್ನು ತಿರುಗಿಸಿದ, ಮೂತಿಯ ಕೆಳಗೆ ನುಗ್ಗಿದ.

ಆ ಕೈ ಎತ್ತಿದವರಿಗೆ ದೋಣಿ ಕಾಣುವುದಿಲ್ಲ ಎಂಬುದನ್ನು ಅವನು ಗೂಟನಿಗೆ ಹೇಳಲಿಲ್ಲ.